ಉಪ್ಪಗೆ ತುಪ್ಪ ಮೆತ್ತಿದ ರಿವಾಲ್ವರ್

ದೊಡ್ಡಮಾವ, ಅಂದರೆ ಅಮ್ಮನ ಅಣ್ಣ, ಸೈನ್ಯದಲ್ಲಿ ಮೇಜರ್ ಆಗಿ ನಿವೃತ್ತನಾಗಿ ಸಿದ್ದಾಪುರದ ಹತ್ತಿರದ ನಮ್ಮೂರಿಗೆ ಮರಳಿದಾಗ ಜೊತೆಗೆ ಒಂದು ರಿವಾಲ್ವರ್ ತಂದಿದ್ದ. ವಿಕ್ಟೋರಿಯಾ ರಾಣಿಯ ಕಾಲದ್ದು. ಅವನ ಹಿರಿಯ ಅಧಿಕಾರಿ ಬೀಳ್ಕೊಡುವಾಗ ಕೊಟ್ಟದ್ದಂತೆ. ಅದಕ್ಕೆ ಹೊಂದುವ ಗುಂಡು ಎಲ್ಲೂ ಸಿಗುತ್ತಿರಲಿಲ್ಲ. ಆದರೂ ಲೈಸೆನ್ಸ್ ಇತ್ತು. ಶಿರಸಿಯಿಂದ ತಂದ ಎಣ್ಣೆ ಹಾಕಿ ವಾರಕ್ಕೊಮ್ಮೆ ಒರೆಸುತ್ತಿದ್ದ.

“ಅಫ್ಘಾನ್ ಗಡಿ ಕಂಡ ಆಯುಧ ಇದು” ಎನ್ನುತ್ತಿದ್ದ. ಧಾರವಾಡದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದ ನಾನು ಪುರಾವೆ ಕೇಳುತ್ತಿದ್ದೆ.

“ಪುರಾವೆ ಇಲ್ಲೆ. ತುಕ್ಕೂ ಇಲ್ಲೆ. ನಂಗೆ ಎರಡನೇದು ಸಾಕು.”

ನಮ್ಮ ಕಡೆ ಚುನಾವಣೆ ಬಂತೆಂದರೆ ಬೆಳೆ ಕಾಯುವ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಡಬೇಕು. ಫಲಿತಾಂಶದ ನಂತರ ವಾಪಸು. ಹಿಂದಿನ ಸಲ ಠಾಣೆಯ ತೇವದ ಕೋಣೆಯಲ್ಲಿ ರಿವಾಲ್ವರ್ ತುಕ್ಕು ಹಿಡಿದಿತ್ತು. ಅದನ್ನು ಬಿಡಿಸಲು ಮಾವನಿಗೆ ಇಡೀ ಬೇಸಿಗೆ ಬೇಕಾಯಿತು. ಇನ್ನೊಮ್ಮೆ ಹಾಗಾದರೆ ಅದು ಕಬ್ಬಿಣದ ತುಂಡಷ್ಟೇ ಎಂದು ಅವನಿಗೆ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಮತ್ತೆ ಚುನಾವಣೆ ಬಂತು. ಭತ್ತ ತೆನೆ ಬಿಡುವ ಹೊತ್ತು, ಹಂದಿ ಗದ್ದೆಗೆ ಇಳಿಯುವ ಕಾಲ. ಮಾವನನ್ನು ಬೈಕಿನಲ್ಲಿ ಕೂರಿಸಿಕೊಂಡು ಸಿದ್ದಾಪುರಕ್ಕೆ ಹೋದೆ. ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಇರಲಿಕ್ಕಿಲ್ಲ, ಯಾಕೆಂದರೆ ಕೊಡೆಯ ನೆನಪೇ ಇಲ್ಲ. ಠಾಣೆಯ ಅಂಗಳದಲ್ಲಿ ಗೋಣಿಚೀಲದಲ್ಲಿ ಕೋವಿ ಸುತ್ತಿಕೊಂಡವರ ಸಾಲಿತ್ತು. ನಮ್ಮ ಪಕ್ಕದ ಗದ್ದೆಯ ಯಜಮಾನರು ಕೆಣಕಿದರು:

“ಎಂತ ಮೇಜರ್ ಭಾವ, ಗುಂಡೇ ಇಲ್ಲೆ, ಮತ್ತೆ ಎಂತಕ್ಕೆ ಲೈನು?”

“ಲೈನು ಗುಂಡಿಗಲ್ಲ ಭಾವ, ಲೈಸೆನ್ಸಿಗೆ.”

ಯಲ್ಲಾಪುರದಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ಎಸ್‌ಐ ರಿವಾಲ್ವರ್ ನೋಡಿ ಎದ್ದು ನಿಂತರು. “ಸರ್, ಇದು ಮ್ಯೂಸಿಯಂನಲ್ಲಿ ಇಡೋದು. ನೀವು ಮಿಲಿಟರಿಯವರು ಬೇರೆ. ಮನೇಲೇ ಇಟ್ಕೊಳ್ಳಿ, ವಿನಾಯಿತಿಗೆ ನಾನು ಬರೀತೇನೆ.”

ನನಗೆ ಸಮಾಧಾನವಾಯಿತು. ಮಾವ ಹಿಂದೆ ತಿರುಗಿ ಸಾಲನ್ನು ನೋಡಿದ.

“ಇವ್ರೆಲ್ಲ ಗದ್ದೆನ ಹಂದಿಗೆ ಬಿಟ್ಟು ಕೋವಿ ತಂದಿದ್ದಾರೆ. ಕೆಲಸವೇ ಇಲ್ಲದ ನನ್ನದನ್ನ ಮನೇಲಿ ಇಟ್ಕೊಂಡ್ರೆ ನಾನು ಊರಲ್ಲಿ ಹೇಗೆ ತಲೆ ಎತ್ತಲಿ?”

ಮೇಜಿನ ಮೇಲಿಟ್ಟ. ಕೈ ಮಾತ್ರ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. ನನಗೋ, ಅವನ ಹಿಂದೆ ಸಾಲಿನಲ್ಲಿ ನಿಂತದ್ದೇ ಹೆಮ್ಮೆಯಾಗಿತ್ತು.

ಫಲಿತಾಂಶ ಬಂದ ಮೇಲೆ ಮತ್ತೆ ಹೋದೆವು. ಪೇದೆ ತಂದಿಟ್ಟದ್ದನ್ನು ನೋಡಿದರೆ, ರಿವಾಲ್ವರಿನ ಮೈಗೆಲ್ಲ ಮೇಣದಂಥದ್ದು ಮೆತ್ತಿದೆ. ಉಪ್ಪಗೆ ತುಪ್ಪ! ಉಪ್ಪಗೆ ಹಣ್ಣಿನ ಬೀಜದಿಂದ ತೆಗೆಯುವುದು, ನಮ್ಮಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವುದು. ತಣ್ಣಗಾದರೆ ಕಲ್ಲಿನಂತೆ ಗಟ್ಟಿ. ತುಕ್ಕಿನ ಸುದ್ದಿ ತಿಳಿದಿದ್ದ ಪಕ್ಕದ ಗದ್ದೆಯ ಯಜಮಾನರು ಮನೆಯಿಂದ ಒಂದು ಉಂಡೆ ತಂದು ಪೇದೆಯ ಕೈಯಲ್ಲಿ ಹಚ್ಚಿಸಿದ್ದರು. ಈಗ ಪಕ್ಕದಲ್ಲೇ ನಿಂತು ಹೇಳಿದರು: “ಒಂದು ತೂತೂ ಬಿಟ್ಟಿದ್ದಿಲ್ಲೆ ಭಾವ!”

ನಳಿಗೆ ಮುಚ್ಚಿತ್ತು. ಗುಂಡಿನ ಉರುಳೆ ಒಂದಿಷ್ಟೂ ತಿರುಗಲಿಲ್ಲ. ಮಾವ ಬೆರಳಿನಿಂದ ತುಪ್ಪ ಕೆರೆದು ನೋಡಿದ. ಅಡಿಯಲ್ಲಿ ಉಕ್ಕು ಹೊಳೆಯಿತು. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ.

ಆಗ ಮಾವ ನೆಟ್ಟಗೆ ನಿಂತು ಆ ಯಜಮಾನರಿಗೆ ಸೆಲ್ಯೂಟ್ ಹೊಡೆದ ಎಂದು ನನಗೆ ನೆನಪು. ಬರೀ ನಕ್ಕನಂತೆ, ಹಾಗೆಂದು ಅವನೇ ಹೇಳಿದ್ದನಂತೆ ಎನ್ನುತ್ತಾಳೆ ಅಮ್ಮ. ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಆದರೂ ಈ ಒಂದನ್ನು ಬಿಟ್ಟುಕೊಡಲಾರೆ.

ತುಪ್ಪ ಬಿಡಿಸಲು ಬಿಸಿನೀರಿನ ಹಂಡೆಯೇ ಬೇಕಾಯಿತು. ಆಮೇಲೆ ಮನೆಗೆ ಬಂದವರಿಗೆ ಅವನು ಅಫ್ಘಾನ್ ಗಡಿಯ ಕಥೆ ಹೇಳಿದ್ದನ್ನು ನಾನು ಕೇಳಿಲ್ಲ. ಈ ತುಪ್ಪದ ಕಥೆಯನ್ನೇ ಹೇಳುತ್ತಿದ್ದ, ಪುರಾವೆಗೆ ನನ್ನ ಕಡೆ ಕೈ ತೋರಿಸುತ್ತ.

ಹೊಸ ಶತಮಾನದ ಮೊದಲ ಚುನಾವಣೆಗೂ ಸಾಲಿನಲ್ಲೇ ನಿಂತ. ತನ್ನ ಸರದಿ ಬಂದಾಗ ರಿವಾಲ್ವರನ್ನು ಮೇಜಿನ ಮೇಲಿಟ್ಟು ಪೇದೆಗೆ ಹೇಳಿದ:

“ಈ ಸಲ ತುಪ್ಪ ಸ್ವಲ್ಪ ಕಡಿಮೆ ಬಡಿಸಿ ಮಾರಾಯ್ರೆ.”