ಜೀನ್ಸ್ ಬಂಡಲಿನಲ್ಲಿ ಹೋದ ಅಕ್ಕನ ಪದಗಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರ ಬೆರಳೂ ನೀಲಿ. ಅಪ್ಪನ ಕೈ ಮೊಣಕೈವರೆಗೆ ನೀಲಿ, ಅಮ್ಮನ ಸೆರಗಿನ ಅಂಚು ನೀಲಿ, ನಾನು ಮೂಗು ಒರೆಸಿಕೊಂಡರೆ ಮೂಗೂ ನೀಲಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಆಗಷ್ಟೇ ಜೋರಾಗುತ್ತಿದ್ದ ಕಾಲ ಅದು. ಮಡಕಶಿರಾ ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಅಪ್ಪ ಕತ್ತರಿ ಹಿಡಿಯುವುದನ್ನು ಕಲಿತು, ನಮ್ಮನ್ನೆಲ್ಲ ಕರೆದುಕೊಂಡು ಬಂದು ಕೋಟೆ ಬೆಟ್ಟದ ಕೆಳಗಿನ ಒಂದು ಓಣಿಯಲ್ಲಿ ಬಿಡಾರ ಹೂಡಿದ್ದ. ನಾವು ಕಡಲೆಕಾಯಿ ಎನ್ನುವುದನ್ನು ಆ ಓಣಿಯವರು ಶೇಂಗಾ ಎನ್ನುತ್ತಿದ್ದರು, ಅಂಗಡಿಯವನು ತೆಲುಗಿನಲ್ಲಿ ಶನಕ್ಕಾಯಲು ಎನ್ನುತ್ತಿದ್ದ. ಯಾವ ಹೆಸರಿನಿಂದ ಕೇಳಿದರೂ ಜೇಬಿನ ತುಂಬ ಸಿಗುತ್ತಿತ್ತು.

ಜೀನ್ಸ್ ಪ್ಯಾಂಟನ್ನು ಒಬ್ಬರೇ ಕೂತು ಪೂರ್ತಿ ಹೊಲಿಯುತ್ತಾರೆ ಎಂದು ನೀವು ತಿಳಿದಿರಬಹುದು. ಹಾಗಲ್ಲ. ಅಪ್ಪ ನಮ್ಮ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಆ ತುಂಡುಗಳನ್ನು ಬಂಡಲ್ ಕಟ್ಟಿ ಓಣಿಯ ಎಂಟು ಮನೆಗಳಿಗೆ ಹಂಚುತ್ತಿದ್ದೆವು. ಒಂದು ಮನೆಯಲ್ಲಿ ಬರೀ ಜೇಬು ಹೊಲಿದರೆ ಇನ್ನೊಂದರಲ್ಲಿ ಬರೀ ಜಿಪ್ಪು. ಮತ್ತೊಂದರಲ್ಲಿ ಸೊಂಟದ ಪಟ್ಟಿ, ಅದಕ್ಕೆ ಎಲ್ಲರೂ ಬೆಲ್ಟು ಎನ್ನುತ್ತಿದ್ದರು. ಪ್ರತಿ ಬಂಡಲಿಗೂ ಸೈಜು ಬರೆದ ಚೀಟಿಯೊಂದನ್ನು ಗುಂಡುಸೂಜಿಯಿಂದ ಚುಚ್ಚಬೇಕಿತ್ತು. ಅದು ನನ್ನ ಕೆಲಸ. ಒಂಬತ್ತು ವರ್ಷಕ್ಕೇ ಇವನ ಅಂಕಿ ಎಷ್ಟು ದುಂಡಗಿವೆ ನೋಡಿ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿ ನನ್ನನ್ನು ಉಬ್ಬಿಸಿಬಿಟ್ಟಿದ್ದ.

ಅಕ್ಕ ಆ ವರ್ಷ ಇಂಟರ್, ಅಂದರೆ ಹನ್ನೆರಡನೇ ತರಗತಿ ಮುಗಿಸಿದ್ದಳು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಓದಿದವಳಿಗೆ ಇನ್ನು ಮುಂದೆ ಅನಂತಪುರದ ಕಾಲೇಜೊಂದರಲ್ಲಿ ಇಂಗ್ಲಿಷಿನಲ್ಲಿ ಓದಬೇಕೆಂಬ ಆಸೆ. ಅಲ್ಲಿಯ ಪ್ರಿನ್ಸಿಪಾಲ್ ಮೇಡಂ ಒಬ್ಬೊಬ್ಬ ಹುಡುಗಿಯನ್ನೇ ಒಳಗೆ ಕರೆದು ಕಷ್ಟದ ಪದಗಳನ್ನು ಕೇಳುತ್ತಾರಂತೆ, ಇಂಗ್ಲಿಷಿನಲ್ಲೇ ಮಾತಾಡಿಸುತ್ತಾರಂತೆ. ಅವರಿಗೆ ಒಪ್ಪಿಗೆಯಾದರೆ ಸೀಟು, ಹಾಸ್ಟೆಲ್ಲು ಎರಡೂ ಸಿಗುತ್ತಿದ್ದವು. "ಸೀಟ್ ಸಿಕ್ರೆ ಓಗಮ್ಮ, ನಾನೇನ್ ಬ್ಯಾಡ ಅನ್ನಲ್ಲ. ಸಿಗ್ದಿದ್ರೆ ಮಿಷಿನ್ ಐತೆ," ಎಂದು ಅಪ್ಪ ಹೇಳಿದ್ದ. ಶೆಡ್ಡಿನ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಹೊಲಿಗೆ ಮಿಷಿನ್ನೊಂದು ಆಗಲೇ ಅಕ್ಕನಿಗಾಗಿ ಕಾಯುತ್ತಿತ್ತು.

ಬೇಸಿಗೆಯಿಡೀ ಅಕ್ಕ ಹೈಸ್ಕೂಲಿನ ಮೇಷ್ಟ್ರ ದಪ್ಪ ಡಿಕ್ಷನರಿಯನ್ನು ಕಡ ತಂದು ಪದಗಳನ್ನು ಬರೆದುಕೊಂಡಳು. ರೊಟ್ಟಿ ತಟ್ಟುವಾಗಲೂ ಅವೇ, ನೀರು ಸೇದುವಾಗಲೂ ಅವೇ. ಸುಲಭದವು ಬಾಯಿಗೆ ಬಂದವು. ಕೊನೆಯ ನಲವತ್ತು ಮಾತ್ರ ಕಬ್ಬಿಣದ ಕಡಲೆ. ಅವನ್ನು ಹತ್ತು ಬಿಡಿ ಹಾಳೆಗಳ ಮೇಲೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ ಎಂದು ಬರೆದಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಮೇಷ್ಟ್ರು ಡಿಕ್ಷನರಿ ವಾಪಸು ತೆಗೆದುಕೊಂಡು ತಮ್ಮ ಊರಿಗೆ ಹೋಗಿಬಿಟ್ಟರು. ಇನ್ನು ಆ ಹತ್ತು ಹಾಳೆಗಳೇ ಅವಳಿಗೆ ಗತಿ.

ಒಂದು ಸಂಜೆ ಚೀಟಿ ಮಾಡುವ ಕಾಗದ ಮುಗಿದಿತ್ತು. ಅಪ್ಪನ ಕಟಿಂಗ್ ಟೇಬಲ್ಲಿನ ತುದಿಯಲ್ಲಿ ಹತ್ತು ಹಾಳೆ ಬಿದ್ದಿದ್ದವು, ಅವುಗಳ ಹಿಂಬದಿ ಖಾಲಿ. ಅಕ್ಕನ ಅಕ್ಷರವೆಂದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ಆದರೆ ಹೊರಗೆ ಗೋಲಿ ಆಟ ಶುರುವಾಗಿತ್ತು, ನನ್ನ ಪಾಳಿ ತಪ್ಪಿಹೋಗುತ್ತಿತ್ತು. ಓದಿ ಮುಗಿಸಿದ ಹಾಳೆಗಳೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಒಂದೊಂದು ಹಾಳೆಯನ್ನೂ ಉದ್ದಕ್ಕೆ ಎರಡು, ಅಡ್ಡಕ್ಕೆ ನಾಲ್ಕು ಭಾಗ ಮಾಡಿ ಕತ್ತರಿಸಿದೆ. ಪದ ಒಂದು ಚೀಟಿಗೆ ಹೋಯಿತು, ಅದರ ಅರ್ಥ ಇನ್ನೊಂದು ಚೀಟಿಗೆ. ಎಂಬತ್ತು ಚೀಟಿಗಳ ಬೆನ್ನ ಮೇಲೆ ದುಂಡಗೆ ಸೈಜು ಬರೆದು, ಚುಚ್ಚಿ, ಎಂಟು ಮನೆಗಳಿಗೂ ಬಂಡಲ್ ಹಾಕಿ ಗೋಲಿ ಆಡಲು ಓಡಿದೆ.

ಮಾರನೆಯ ಬೆಳಿಗ್ಗೆ ಬೆಲ್ಟು ಹೊಲಿಯುವ ಅತ್ತೆ ಸೆರಗು ಬಿಗಿದುಕೊಂಡು ಬಂದಳು. ಓಣಿಯವರನ್ನೆಲ್ಲ ನಾವು ಅತ್ತೆ, ಮಾವ, ಅಜ್ಜಿ ಎಂದೇ ಕರೆಯುತ್ತಿದ್ದೆವು. ಅವಳು ಚೀಟಿಯೊಂದನ್ನು ಅಪ್ಪನ ಮುಂದೆ ಹಿಡಿದು, "ಮಾಸ್ಟರ, ನಾ ನಿಮಗ ಏನ್ ಅನ್ಯಾಯ ಮಾಡೀನ್ರಿ? ಬೈಯೋದಿದ್ರ ಎದುರಿಗೆ ನಿಂತು ಬೈರ್ರಿ. ಚೀಟಿ ಬರದು ಯಾಕ ಕಳಸ್ತೀರಿ?" ಎಂದಳು. ಚೀಟಿಯ ಒಂದು ಬದಿಗೆ ನನ್ನ ದುಂಡನೆಯ ಮೂವತ್ತೆರಡು. ಇನ್ನೊಂದು ಬದಿಗೆ 'ಬಾಯಿಬಡುಕ, ಅತಿಯಾಗಿ ಮಾತಾಡುವ' ಎಂದಿತ್ತು. ತಾನು ಹಾಗಲ್ಲವೆಂದು ತೋರಿಸಲು ಅತ್ತೆ ಅರ್ಧ ಗಂಟೆ ಒಂದೇ ಸಮನೆ ಮಾತಾಡಿದಳು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ.

ಅಕ್ಕ ಒಳಗಿನಿಂದ ಬಂದು ಚೀಟಿ ನೋಡಿದಳು. "ಇದು ಗ್ಯಾರುಲಸ್," ಎಂದಳು ಮೆಲ್ಲಗೆ. ಆಮೇಲೆ ಟೇಬಲ್ಲಿನ ತುದಿ ನೋಡಿದಳು, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ. ಅವಳು ಹೊಡೆದಿದ್ದರೆ ಸುಖವಾಗಿರುತ್ತಿತ್ತು. ಹೊಡೆಯಲಿಲ್ಲ. ಹೋಗಿ ಬಟ್ಟೆ ಹೊದಿಸಿದ ಮಿಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತು, "ನಾಳೆ ಬೆಳಗಿನ ಬಸ್ಸಿಗೆ ಅನಂತಪುರಕ್ಕೆ ಹೋಗಬೇಕಿತ್ತು," ಎಂದಳು. ಹೋಗಬೇಕು ಎನ್ನಲಿಲ್ಲ. ಗೋಲಿಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಬೇಕು ಅನ್ನಿಸಿತು.

ಅಪ್ಪ ಕತ್ತರಿ ಕೆಳಗಿಟ್ಟ. "ಕೂತ್ರೆ ಬರಲ್ಲ ಕಣಮ್ಮ. ಇರಾದು ಎಂಟೇ ಮನೆ. ಇಬ್ರೂ ಓಗಿ ಇಸ್ಕಂಡು ಬರ್ರಿ. ಪ್ರತಿ ಬಾಗ್ಲಾಗೂ ತಪ್ಪು ನಂದು ಅಂತ ಇವನೇ ಹೇಳ್ಬೇಕು," ಎಂದ. ವಿಷಯ ತಿಳಿದ ಮೇಲೆ ಬೆಲ್ಟಿನ ಅತ್ತೆಗೆ ನಗು ತಡೆಯಲಾಗಲಿಲ್ಲ. ತನ್ನ ಮನೆಯ ಉಳಿದ ಚೀಟಿಗಳನ್ನು ಅವಳೇ ಓಡಿಹೋಗಿ ತಂದುಕೊಟ್ಟಳು.

ಮುಂದಿನದು ಜೇಬಿನ ಮನೆ. ಅಲ್ಲಿ ಅಜ್ಜ ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಜೇಬಿನ ಅಂಚು ಮಡಚಿ ಒತ್ತುತ್ತಿದ್ದ, ಅಜ್ಜಿ ಹೊಲಿಯುತ್ತಿದ್ದಳು. ಕಾದ ಬಟ್ಟೆಯ ವಾಸನೆ, ಕೆಂಡದ ವಾಸನೆ ಸೇರಿ ಮೂಗಿಗೆ ಹತ್ತುತ್ತಿತ್ತು. ನಾನು ಬಾಗಿಲಲ್ಲೇ ನಿಂತು ತಪ್ಪು ನಂದು ಎಂದೆ. ಅಜ್ಜಿ ಚೀಟಿಗಳನ್ನು ಗಬಕ್ಕನೆ ತೊಡೆಯ ಕೆಳಗಿಟ್ಟುಕೊಂಡು, "ಅದರಾಗ ಏನ್ ಬರದೈತಿ ಹೇಳು, ಕೊಡ್ತೀನಿ. ನನ್ನ ಮನಿಗೆ ಬಂದಿದ್ದು ಏನಂತ ನನಗ ಗೊತ್ತಾಗಬ್ಯಾಡ?" ಎಂದಳು.

ಅಕ್ಕ ಮೊದಲನೆಯದನ್ನು ಓದಿದಳು, ರಿಲಕ್ಟಂಟ್. ಬಹಳ ಹೊತ್ತು ಕಣ್ಣುಮುಚ್ಚಿ ನೆನಪು ಮಾಡಿಕೊಂಡು, "ಅನಿಚ್ಛೆಯುಳ್ಳ," ಎಂದು ಬಾಯಿಪಾಠ ಒಪ್ಪಿಸಿದಳು.

"ಅದು ಇಂಗ್ಲೀಷಿಗಿಂತ ಕಷ್ಟ ಐತಲ್ಲವ್ವ," ಎಂದಳು ಅಜ್ಜಿ.

ಅಕ್ಕ ತುಟಿ ಕಚ್ಚಿಕೊಂಡು ಯೋಚಿಸಿದಳು. "ಮನಸಿರಂಗಿಲ್ಲ ಅಜ್ಜಿ, ಆದ್ರ ಮಾಡ್ಲೇಬೇಕು. ಆಗ ಕಾಲು ಎಳ್ಕೊಂಡು ಹೋಗ್ತಾರಲ್ಲ, ಹಂಗ."

ಅಜ್ಜಿ ಹೊಲಿಗೆ ನಿಲ್ಲಿಸಿ ಅಜ್ಜನ ಕಡೆ ತಿರುಗಿದಳು. "ಹಂಗಂದ್ರ ಇವರು ನನ್ನ ನೋಡಾಕ ಬಂದಾಗ ನಿಂತಿದ್ರಲ್ಲ, ಅದ. ಎಲ್ಲಾರೂ ಒಳಗ ಬಂದು ಕುಂತಾರ. ಇವರೊಬ್ರು ಹೊಸ್ತಿಲದಾಗ. ಒಳಗ ಬರಾಕೂ ಒಲ್ಲರು, ವಾಪಸ್ ಹೋಗಾಕೂ ಒಲ್ಲರು."

ಅಜ್ಜ ಇಸ್ತ್ರಿಯಿಂದ ಕಣ್ಣೆತ್ತಲಿಲ್ಲ. "ಹೊಸ ಚಪ್ಪಲಿ," ಎಂದ. "ಹೊರಗ ಬಿಟ್ರ ಯಾರರ ಒಯ್ದುಬಿಡ್ತಾರಂತ ನಿಂತಿದ್ದೆ."

ಅಷ್ಟು ವರ್ಷ ಸಂಸಾರ ಮಾಡಿದ ಅಜ್ಜಿಗೆ ಆ ಚಪ್ಪಲಿಯ ಸಂಗತಿ ಅವತ್ತೇ ತಿಳಿದದ್ದು. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಮುಖ ಗಂಟಿಕ್ಕಿಕೊಂಡಿದ್ದ ಅಕ್ಕನೂ ನಕ್ಕಳು. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಯಾರೂ ಹೇಳದೆ ಅಜ್ಜನ ಇಸ್ತ್ರಿಪೆಟ್ಟಿಗೆಗೆ ಕೆಂಡ ಊದಿಕೊಟ್ಟೆ.

ಅಲ್ಲಿಂದ ಮುಂದೆ ಅಕ್ಕನ ದಾರಿಯೇ ಬದಲಾಯಿತು. ಯಾವ ಮನೆಗೆ ಹೋದರೂ ಚೀಟಿ ಇಸಿದುಕೊಂಡು ಸುಮ್ಮನೆ ಹೊರಡುತ್ತಿರಲಿಲ್ಲ. ಪದ ಸಿಕ್ಕರೆ ಅರ್ಥವನ್ನು ಆ ಮನೆಯವರ ಮಾತಿನಲ್ಲೇ ಹೇಳುತ್ತಿದ್ದಳು, ಅರ್ಥ ಸಿಕ್ಕರೆ ಪದ ಯಾವುದೆಂದು ನೆನಪು ಮಾಡಿಕೊಳ್ಳುತ್ತಿದ್ದಳು. ಒಬ್ಬರಿಗೆ ಕನ್ನಡ, ಒಬ್ಬರಿಗೆ ತೆಲುಗು. ಮಿಷಿನ್ನುಗಳ ಕಟಕಟ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಗಂಟಲು ಕಟ್ಟಿತು. ಒಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಇನ್ನೊಂದರಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟರು. ತಪ್ಪು ನಂದು ಎಂದು ಹೇಳಿ ಹೇಳಿ ನನಗೂ ಅಭ್ಯಾಸವಾಗಿ, ಐದನೇ ಮನೆಯ ಹೊತ್ತಿಗೆ ಮಂಡಕ್ಕಿ ಮುಕ್ಕುತ್ತಲೇ ಹೇಳುತ್ತಿದ್ದೆ.

ಜಿಪ್ಪಿನ ಮಾವ ಚೀಟಿಗಳನ್ನೆಲ್ಲ ಒಂದು ತಂತಿಗೆ ಪೋಣಿಸಿಟ್ಟಿದ್ದ, ಅದೂ ಸೈಜಿನ ಪ್ರಕಾರ. ಒಂದೇ ಒಂದು ಹೊಲಿಗೆ ಓರೆಯಾದರೂ ಇಡೀ ಜಿಪ್ಪು ಬಿಚ್ಚಿ ಮತ್ತೆ ಕೂರಿಸುವ ಮನುಷ್ಯ ಅವನು. ಅಕ್ಕ ಆ ತಂತಿ ನೋಡಿದವಳೇ, "ಮಾವ, ನೀವು ಮೆಟಿಕ್ಯುಲಸ್," ಎಂದಳು. ಆ ಪದದ ಚೀಟಿ ಇನ್ನೂ ಸಿಕ್ಕಿರಲೇ ಇಲ್ಲ, ತಾನಾಗಿಯೇ ನೆನಪಾಗಿತ್ತು. ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಬೈಗುಳ ಏನವ್ವ?" ಎಂದು ಕೇಳಿದ. ಚಿಕ್ಕ ಚಿಕ್ಕದನ್ನೂ ನೋಡಿ ನೋಡಿ ನೆಟ್ಟಗೆ ಮಾಡುವವರು ಎಂದು ಅಕ್ಕ ಹೇಳಿದಳು. ಮಾವ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು, ಅಂಟು ಹಚ್ಚಿ ತನ್ನ ಮಿಷಿನ್ನಿನ ಮೇಲೆ ಅಂಟಿಸಿದ. ಅದು ಓರೆಯಾಯಿತೆಂದು ಕಿತ್ತು ಮತ್ತೊಮ್ಮೆ ಅಂಟಿಸಿದ.

ಕೊನೆಯ ಮನೆಯಲ್ಲಿ ಮಾತ್ರ ಚೀಟಿಗಳೇ ಇರಲಿಲ್ಲ. ಆ ಮನೆಯಾಕೆ ಹತ್ತೂ ಚೀಟಿಗಳನ್ನು ಬೆಳಿಗ್ಗೆ ನೀರೊಲೆಗೆ ಹಾಕಿ ಹಂಡೆ ಕಾಯಿಸಿದ್ದಳು. "ಸೈಜು ನೋಡ್ಕೊಂಡ ಮ್ಯಾಲ ಕಸಾನ ಅಲ್ಲೇನ್ರಿ," ಎಂದು ಪೇಚಾಡಿಕೊಂಡಳು. ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತು ಸಿಕ್ಕ ಚೀಟಿಗಳನ್ನೆಲ್ಲ ಹರಡಿದಳು. ಪದವನ್ನೂ ಅರ್ಥವನ್ನೂ ಜೋಡಿ ಮಾಡುತ್ತ ಹೋದಳು. ಪದವನ್ನು ಒಂದು ಕಡೆ, ಅರ್ಥವನ್ನು ಒಂದು ಕಡೆ ಕತ್ತರಿಸಿದ್ದೆನಲ್ಲ, ಒಂದು ಅರ್ಧ ಒಲೆಗೆ ಹೋಗಿದ್ದರೆ ಇನ್ನೊಂದು ಅರ್ಧ ಬೇರೆ ಮನೆಯಲ್ಲಿ ಬದುಕಿತ್ತು. ಸುಟ್ಟ ಅರ್ಧಗಳೂ ಒಂದೊಂದಾಗಿ ಅಕ್ಕನಿಗೆ ನೆನಪಾದವು. ಒಂದು ಪದ ಮಾತ್ರ ಎರಡೂ ಕಡೆಯಿಂದ ಬೂದಿಯಾಗಿತ್ತು. ಅದು ಯಾವುದೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

"ಕತ್ತರಿಸೋದಾದರೂ ನೆಟ್ಟಗ ಕತ್ತರಿಸಿದಿ," ಎಂದು ಅಕ್ಕ ನನ್ನ ತಲೆಯ ಮೇಲೆ ಒಂದು ಮೊಟಕಿದಳು. ಬೆಳಿಗ್ಗೆಯಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ. ಮನೆಗೆ ಬಂದಾಗ ಬೆಟ್ಟದ ನೆರಳು ಓಣಿಗೆ ಇಳಿದಿತ್ತು. ಅಪ್ಪ ಚೀಟಿಗಳನ್ನು ಕೈಗೆತ್ತಿಕೊಂಡು ಕನ್ನಡದ ಅರ್ಥಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅಕ್ಕ ಅಕ್ಕಿ ಆರಿಸುತ್ತ ತಲೆ ಎತ್ತದೆ ಇಂಗ್ಲಿಷ್ ಪದಗಳನ್ನು ಹೇಳುತ್ತ ಹೋದಳು.

ಮರುದಿನ ಅಕ್ಕನ ಜೊತೆ ಅನಂತಪುರಕ್ಕೆ ಹೋದವನು ಅಪ್ಪ. ಅವನೇ ಬಂದು ಹೇಳಿದ್ದು. ಒಳಗೆ ಹೋದ ಹುಡುಗಿಯರೆಲ್ಲ ಬೇಗ ಬೇಗ ಹೊರಗೆ ಬರುತ್ತಿದ್ದರಂತೆ, ಅಕ್ಕ ಬರಲೇ ಇಲ್ಲವಂತೆ. ಮುಚ್ಚಿದ ಬಾಗಿಲ ಹಿಂದೆ ಮೇಡಂ ಜೋರಾಗಿ ನಗುವ ಸದ್ದು ಕೇಳಿ, ಮಗಳನ್ನು ಗೇಲಿ ಮಾಡುತ್ತಿದ್ದಾರೆಂದು ಅಪ್ಪ ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದನಂತೆ. ಒಳಗೆ ನಡೆದದ್ದೇ ಬೇರೆ. ಅಕ್ಕ ಎರಡು ಪದ ತಪ್ಪಿದ್ದಳು. ಸರಿ, ನಿನಗೆ ಚೆನ್ನಾಗಿ ಗೊತ್ತಿರುವ ಒಂದು ಕಷ್ಟದ ಪದದ ಬಗ್ಗೆ ನೀನೇ ಮಾತಾಡು ಎಂದರಂತೆ ಮೇಡಂ. ಅವಳು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಹೊಸ ಚಪ್ಪಲಿ ಬಿಡಲಾರದೆ ಹೆಣ್ಣಿನ ಮನೆಯ ಹೊಸ್ತಿಲಲ್ಲಿ ನಿಂತ ಗಂಡಿನ ಕಥೆ ಹೇಳಿದ್ದಳು. ಅಕ್ಕನಿಗೆ ಸೀಟು ಸಿಕ್ಕಿತು. ಮೂಲೆಯ ಮಿಷಿನ್ನಿನ ಮುಂದೆ ಕೆಲವು ವರ್ಷಗಳ ಮೇಲೆ ಕೂತವನು ನಾನು, ಸಂತೋಷದಿಂದಲೇ ಕೂತೆ.

ಮಕ್ಕಳೇ, ಈಗ ಬೆಳಗಾದರೆ ನಿಮ್ಮ ಫೋನಿಗೆ ಟಿಂಗ್ ಎಂದು ಹೊಸ ಪದವೊಂದು ಬರುತ್ತದೆ. ಒತ್ತಿದರೆ ಅರ್ಥ, ಇನ್ನೊಮ್ಮೆ ಒತ್ತಿದರೆ ಉಚ್ಚಾರ. ಅದನ್ನು ಯಾರೂ ಕತ್ತರಿಸಲಾರರು, ಒಲೆಗೆ ಹಾಕಲಾರರು. ನಮಗೂ ಅದಿದ್ದಿದ್ದರೆ ಅಕ್ಕ ಆ ಬೆಳಿಗ್ಗೆ ಮಿಷಿನ್ನಿನ ಮುಂದೆ ಹಾಗೆ ಕೂರಬೇಕಾಗಿರಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನೇನು ಫೋನಿನ ಮೇಲೆ ಹಲ್ಲು ಕಡಿಯುವ ಮುದುಕನಲ್ಲ. ಆದರೆ ಅದು ಅರ್ಥ ಹೇಳಿ ಸುಮ್ಮನಾಗಿಬಿಡುತ್ತದೆ. ಪದ ಕೇಳಿದ ಕೂಡಲೇ ಗಂಡನ ಕಡೆ ತಿರುಗಿ ಜಗಳ ತೆಗೆಯುವುದಿಲ್ಲ, ಮಜ್ಜಿಗೆ ಕೊಡುವುದಿಲ್ಲ. ಕಾಲೇಜಿಗೆಂದು ನೀವು ಪದ ಕಲಿಯಲು ಕೂತಾಗ ನಾನು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತೇನಲ್ಲ, ಅದು ನಿಮಗೆ ಅಡ್ಡಿ ಮಾಡಲಿಕ್ಕಲ್ಲ. ಅರ್ಥ ಗೊತ್ತಿದ್ದರೂ ಒಮ್ಮೆ ನನ್ನನ್ನು ಕೇಳಿ.