ಮೂರನೇ ಸಾಲು ಒರೆಸಿದ ಕೈ

ರೇಣುಕಾದೇವಿಗೆ ಹನ್ನೊಂದು ವಾರದ ಸಂಬಳ ಇನ್ನೂ ಬರಬೇಕು. ಕೊಡಬೇಕಾದವರು ಶೇಷಾದ್ರಿ. ಇಲ್ಲಿ ಅಮೆರಿಕದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಪಕ್ಕದಲ್ಲಿ ಅವರದೊಂದು ಗಾಜಿನಮನೆ. ಸರ್ಕಾರದ ಪರವಾನಗಿ ಪಡೆದು ಅಲ್ಲಿ ಗಾಂಜಾ ಗಿಡ ಬೆಳೆಸುತ್ತಿದ್ದರು, ನಾರಿಗಾಗಿ. ಅಮಲು ಇರುವುದು ಹೂವಿನ ಮೇಲಿನ ಅಂಟುಗುಳ್ಳೆಗಳಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡುಸೂಜಿಯ ಹಾಗೆ, ಕೆಳಗೆ ತೊಟ್ಟು, ಮೇಲೆ ತಲೆ. ಗುಳ್ಳೆ ಕಡಿಮೆ ಇರುವ ಗಿಡವನ್ನೇ ಆರಿಸಿ, ಅದರ ಬೀಜ ಬಿತ್ತಿ, ಮತ್ತೆ ಆರಿಸಿ, ಅಮಲಿಲ್ಲದ ತಳಿ ತೆಗೆಯಬೇಕು. ಎಣಿಸುವ ಕೆಲಸ ರೇಣುಕಾಳದು.

ರಾಯಚೂರಿನಲ್ಲಿ ಹತ್ತಿ ಎಲೆಯ ಮೇಲಿನ ಕೂದಲು ಎಣಿಸಿ ಪಳಗಿದ ಕಣ್ಣು ಅದು. ಹೊಲಗೇರಿಯಿಂದ ಕೃಷಿ ಕಾಲೇಜಿಗೆ ಹೋದವಳು. ಇದು ಶೇಷಾದ್ರಿಗೆ ಗೊತ್ತಿತ್ತು. ಕರೆಸಿಕೊಳ್ಳುವಾಗ ಅಡ್ಡ ಬರಲಿಲ್ಲ, ಅಗ್ಗಕ್ಕೆ ಸಿಕ್ಕಿದ್ದಳಲ್ಲ.

ತೊಂಬತ್ತಾರರ ಆಯುಧಪೂಜೆ. ಇಲ್ಲಿನ ಕನ್ನಡದವರನ್ನೆಲ್ಲ ಪ್ರಸಾದಕ್ಕೆ ಕರೆದಿದ್ದರು. ಮೈಕ್ರೋಸ್ಕೋಪಿಗೆ ಕುಂಕುಮ, ತಕ್ಕಡಿಗೆ ಹೂವು. ಪೂಜೆಗೆ ಸೇರಿಸಿ ಇಟ್ಟಿದ್ದ ಮೂರನೇ ಸಾಲಿನ ಗಿಡಗಳ ಮೇಲೆ ಧೂಳು ಕಂಡಿತು. ರೇಣುಕಾ ಬಟ್ಟೆ ಎತ್ತಿಕೊಂಡಳು.

"ನೀವು ಆ ಕಡೆ ನಿಂತ್ಕೊಳ್ಳಮ್ಮ. ಪೂಜೆಗೆ ಇಟ್ಟಿದ್ದನ್ನ ನಾನೇ ಒರೆಸ್ತೀನಿ," ಅಂದರು ಶೇಷಾದ್ರಿ.

"ದಿನಾ ನಾನಽ ಮುಟ್ಟತೀನಲ್ರಿ ಸರ್?"

"ದಿನಾ ಬೇರೆ, ಇವತ್ತು ಬೇರೆ."

ಒದ್ದೆ ಬಟ್ಟೆಯಲ್ಲಿ ಒಂದೊಂದು ಹೂಗೊಂಚಲನ್ನೂ ತಿಕ್ಕಿ ಒರೆಸಿದರು.

ಮರುದಿನ ಎಣಿಕೆ. ಮೂರನೇ ಸಾಲು ಬೋಳು.

"ಸರ್, ತೊಟ್ಟು ಅದಾವು, ತಲಿ ಇಲ್ಲ. ನಿಮ್ಮ ಬಟ್ಟಿಗೆ ಹತ್ತಿಕೊಂಡು ಹೋಗ್ಯಾವು. ಈ ಸಾಲು ಬೀಜಕ್ಕ ತಗೋಬ್ಯಾಡ್ರಿ."

"ತಲೆ ಎಷ್ಟಿದೆ ಅಷ್ಟೇ ಬರೀರಿ."

"ತೊಟ್ಟಿನ ಲೆಕ್ಕಾನೂ ಬರದೀನ್ರಿ."

"ನಿಮ್ಮ ವೀಸಾ ಎಲ್ಲೀವರೆಗೆ ಇದೆ, ರೇಣುಕಾ?"

ತೊಟ್ಟಿನ ಲೆಕ್ಕದ ಹಾಳೆ ಕಡತದಿಂದ ಹೋಯಿತು. ಮೂರನೇ ಸಾಲಿನ ಬೀಜವನ್ನೇ ಬಿತ್ತಿದರು. ಮುಂದಿನ ಬೇಸಿಗೆಯಲ್ಲಿ ಯಾರೂ ಒರೆಸದೆ ಬೆಳೆದ ಮರಿಗಿಡಗಳು ಕೈಗೆ ಅಂಟುವಷ್ಟು ಅಮಲು ತುಂಬಿ ನಿಂತವು. ಪರವಾನಗಿ ಅಧಿಕಾರಿಗಳು ಬಂದು ಎಲ್ಲವನ್ನೂ ಸುಡಿಸಿದರು. ಶೇಷಾದ್ರಿ ಅಧಿಕಾರಿಗಳ ಮುಂದೆ ರೇಣುಕಾಳತ್ತ ಬೆರಳು ತೋರಿಸಿದರು: "ಎಣಿಸಿದ್ದು ಈಕೆ." ಅವತ್ತೇ ಕೆಲಸ ಹೋಯಿತು. ಸಂಬಳ ತಡೆದರು, ನಷ್ಟಕ್ಕೆ ಅಂತ. ಕೆಲಸದ ಜೊತೆ ವೀಸಾನೂ ಹೋಯಿತು. ಎಣಿಕೆ ಬಾರದವಳು ಎಂದು ಶೇಷಾದ್ರಿ ಬರೆದ ಪತ್ರ ಅವಳಿಗಿಂತ ಮೊದಲೇ ರಾಯಚೂರು ಮುಟ್ಟಿತ್ತು. ಈಗ ಅಲ್ಲೇ ಒಂದು ಬೀಜದಂಗಡಿಯಲ್ಲಿ ಪೊಟ್ಟಣಕ್ಕೆ ಚೀಟಿ ಅಂಟಿಸುತ್ತಾಳೆ.

ಅವಳ ದೂರು ಇಲ್ಲಿ, ಅಮೆರಿಕದ ಕಾರ್ಮಿಕ ಕಚೇರಿಯಲ್ಲಿದೆ. ಸಾಕ್ಷಿ ಕೇಳಿದ್ದಾರೆ. ಆ ದಿನ ಗಾಜಿನಾಚೆ ನಿಂತು ಪುಳಿಯೋಗರೆ ತಿಂದವರು ನೀವು. ಬಟ್ಟೆ ಯಾರ ಕೈಯಲ್ಲಿತ್ತು, ಯಾರನ್ನು ದೂರ ನಿಲ್ಲಿಸಿದರು, ಎರಡನ್ನೂ ನೋಡಿದಿರಿ. ಅದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ. ಈ ವಾರವೇ ಕಳಿಸಿ.