ಹೆಸರಿಲ್ಲದ ಕೂಸಿನ ಅರ್ಜಿ

ನನ್ನ ತಮ್ಮ ಗೋವಾದ ವಿಮಾನ ನಿಲ್ದಾಣದಿಂದ ಆಂಬುಲೆನ್ಸಿನಲ್ಲಿ ಹೆಂಡತಿಯ ಹೆಣ ತಂದ. ಮುಂಡಗೋಡದ ಮೇಲೆ ಹಾದು ನನ್ನ ತವರು ಬಂಕಾಪುರ ಮುಟ್ಟುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಹಿಂದಿನ ಬಾಗಿಲು ತೆಗೆದರು. ಉದ್ದನೆಯ ಪೆಟ್ಟಿಗೆ ಕಂಡಿತು. ನಾನು ಪೆಟ್ಟಿಗೆ ನೋಡಲಿಲ್ಲ, ಡ್ರೈವರನ ಪಕ್ಕದಿಂದ ಇಳಿದ ತಮ್ಮನ ಕೈ ನೋಡಿದೆ. ಒಂದರಲ್ಲಿ ಕಾಗದದ ಫೈಲು, ಇನ್ನೊಂದರಲ್ಲಿ ನೀರಿನ ಬಾಟಲಿ. ಗಾಡಿಯೊಳಗೆ ಇಣುಕಿದೆ. ಸೀಟಿನ ಮೇಲೆ ಒಂದು ಟವೆಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಕೂಸೆಲ್ಲಿ?" ಅಂದೆ.

"ಅಲ್ಲೇ ಐತಿ ಅಕ್ಕ. ಅದರ ಕಾಗದ ಆಗಿಲ್ಲ."

ಅವನು ಅದನ್ನು ಎಷ್ಟು ಮೆಲ್ಲಗೆ ಅಂದನೆಂದರೆ, ಪೆಟ್ಟಿಗೆ ಇಳಿಸಲು ಬಂದವರಿಗೆ ಕೇಳಿಸಲೇ ಇಲ್ಲ. ನನಗೂ ಆಗ ಅರ್ಥವಾಗಲಿಲ್ಲ. ಸತ್ತವಳನ್ನು ಸಮುದ್ರ ದಾಟಿಸಿ ಕಳಿಸಲು ಬೇಕಾದ ಕಾಗದಗಳನ್ನೆಲ್ಲ ಅಲ್ಲಿಯ ಜನ ಓಡಾಡಿ ಬೇಗ ಮಾಡಿಕೊಟ್ಟಿದ್ದರು. ಹುಟ್ಟಿದ ಕೂಸನ್ನು ಕಳಿಸಲು ಬೇಕಾದ ಕಾಗದ ಮಾತ್ರ ಇರಲಿಲ್ಲ. ಹೆಣ ವಿಮಾನದಲ್ಲಿ ಬರಬಹುದಿತ್ತು, ಕೂಸು ಬರುವ ಹಾಗಿರಲಿಲ್ಲ.

ಅವಳು ತಮ್ಮನ ಹೆಂಡತಿಯಾಗುವ ಮೊದಲೇ ನನ್ನ ಸೋದರಮಾವನ ಮಗಳು, ತಿಳವಳ್ಳಿಯವಳು. ನನಗಿಂತ ಸ್ವಲ್ಪ ಸಣ್ಣವಳು. ಸೂಟಿಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ನಗೆಚಟಾಕಿ ಹೇಳಲು ಹೊರಟರೆ ಹೇಳುವ ಮೊದಲೇ ತಾನೇ ನಗುತ್ತಿದ್ದಳು. ಅದಕ್ಕೆ ಅವಳ ಒಂದು ಚಟಾಕಿಯ ಕೊನೆಯನ್ನೂ ಯಾರೂ ಪೂರ್ತಿ ಕೇಳಿದ್ದಿಲ್ಲ. ಹುಬ್ಬಳ್ಳಿಯಲ್ಲಿ ನರ್ಸ್ ಕಲಿತು ಒಮಾನಿನ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಮದುವೆಯಾದ ಮೇಲೆ ತಮ್ಮನೂ ಏಸಿ ರಿಪೇರಿ ಕೆಲಸ ಹುಡುಕಿಕೊಂಡು ಅಲ್ಲಿಗೇ ಹೋದ. "ಗಂಡ ಹೆಂಡತಿ ಹಿಂದ ಹೊಂಟಾನ, ಉಡಿ ತುಂಬಿ ಕಳಸ್ರಿ" ಎಂದು ಬಂಕಾಪುರದ ಹೆಂಗಸರು ಅವನನ್ನು ಕಾಡಿಸಿದ್ದರು.

ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ಏಳರಲ್ಲಿ ಬರುವುದಿತ್ತು. ಬಿ.ಪಿ. ಏರಿತು, ವಿಮಾನ ಹತ್ತಬೇಡ ಎಂದರು. ಅಲ್ಲೇ ಹೆತ್ತಳು. ಹೆಣ್ಣು ಕೂಸು. ಹೆತ್ತ ಮರುದಿನ ಫೋನಿನಲ್ಲಿ ನನ್ನ ಜೊತೆ ಮಾತಾಡಿದಳು. ಅದರ ಮರುದಿನ ಇಲ್ಲ. ಇಷ್ಟೇ ನನಗೆ ಗೊತ್ತಿರುವುದು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಅವಳನ್ನು ಕೂರಿಸಲಾಗಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿ ಅಷ್ಟು ದೂರ ಬಂದ ಮೈ ಬಗ್ಗಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹಿರೇಕೆರೂರಿನಿಂದ ಬಂದಿದ್ದ ಅಯ್ಯನವರು ಗುಣಿಯ ಅಂಚಿಗೆ ಬಂದು, "ಮಲಗಿಸೇ ಇಡ್ರಿ, ದಣದಾಳ" ಎಂದರು. ನಾನು ಅಳಲು ಶುರು ಮಾಡಿದ್ದು ಆಗ.

ಅಲ್ಲಿಂದ ಮನೆಗೆ ಬಂದ ಮೇಲೆ ಅತ್ತೆ, ಅಂದರೆ ಅವಳ ಅವ್ವ, ನನ್ನ ತಮ್ಮನನ್ನು ಕರೆದು ಏನೋ ಹೇಳಿದಳು. ನಾನು ಹಿತ್ತಲಲ್ಲಿ ನೀರು ತುಂಬುತ್ತಿದ್ದೆ, ಕೇಳಲಿಲ್ಲ. ಅವನು ತಲೆ ಅಲ್ಲಾಡಿಸಿದ್ದು ಕಂಡಿತು. ಕೆಲವು ದಿನಕ್ಕೆ ಅವನು ತಿರುಗಿ ಹೋದ. ಕೂಸನ್ನು ಅದರ ಅವ್ವನ ಜೊತೆ ಕೆಲಸ ಮಾಡುತ್ತಿದ್ದ ಮಲಯಾಳಿ ನರ್ಸ್ ಒಬ್ಬಳು ನೋಡಿಕೊಳ್ಳುತ್ತಿದ್ದಳು. ಅವಳಿಗೂ ಸಣ್ಣ ಮಗುವಿತ್ತು, ಎರಡಕ್ಕೂ ಹಾಲೂಡಿಸುತ್ತಿದ್ದಳಂತೆ.

ನನ್ನನ್ನು ಕೊಟ್ಟಿರುವುದು ಸವಣೂರಿಗೆ. ಗಂಡ ಎಲೆ ವ್ಯಾಪಾರಕ್ಕೆ ಹೋದ ಮೇಲೆ ನಾನು ಜಂಪರ ಹೊಲಿಯುತ್ತ ಕೂರುತ್ತೇನೆ. ಆ ವರ್ಷ ಎಷ್ಟೋ ತೋಳುಗಳನ್ನು ಹಿಂದುಮುಂದಾಗಿ ಹೊಲಿದು ಮತ್ತೆ ಬಿಚ್ಚಿದೆ. ತಮ್ಮನಿಗೆ ಫೋನ್ ಮಾಡಿದಾಗಲೆಲ್ಲ "ಕೂಸಿಂದು ಎಲ್ಲಿಗೆ ಬಂತು?" ಎನ್ನುತ್ತಿದ್ದೆ. "ಆಗಾಕತ್ತೈತಿ ಅಕ್ಕ" ಎನ್ನುತ್ತಿದ್ದ. ನಾನು ನಂಬಿದ್ದೆ. ಸರಕಾರದ ಕೆಲಸ, ಆಗುತ್ತಿರುತ್ತದೆ ಎಂದುಕೊಂಡಿದ್ದೆ.

ಶಿವರಾತ್ರಿ ಕಳೆದ ಮೇಲೆ ಗಂಡನ ಸಂಬಂಧಿಕರ ಮನೆಗೆ ಶಿಗ್ಗಾಂವಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹತ್ತಿರ ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುವ ಅಂಗಡಿಯೊಂದಿದೆ. ಹೊರದೇಶದಲ್ಲಿ ಹುಟ್ಟಿದ ಕೂಸಿನ ಕಾಗದ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳೋಣವೆಂದು ಒಳಗೆ ಹೋದೆ. ಅಂಗಡಿಯವನು ಎಲೆ ಅಡಿಕೆ ಅಗಿಯುತ್ತ ಕಂಪ್ಯೂಟರ್ ಮುಂದೆ ಕೂತಿದ್ದ.

"ಕುಂತ್ರಿ ಅಕ್ಕಾರ. ಅಲ್ಲಿ ಹುಟ್ಟಿದ ಮಾತ್ರಕ್ಕ ಆ ದೇಶದವರು ಕೂಸನ್ನ ತಮ್ಮದು ಅನ್ನಂಗಿಲ್ಲರಿ. ಅವ್ವ ಅಪ್ಪ ನಮ್ಮ ದೇಶದ ನಾಗರಿಕರಿದ್ರ ಅವರ ಮ್ಯಾಲ ಕೂಸಿಗೂ ನಮ್ಮ ನಾಗರಿಕತ್ವ ಬರತೈತಿ. ಆದ್ರ ತಾನ ಬರಂಗಿಲ್ಲ. ಹುಟ್ಟಿದ ವರ್ಷದಾಗ ಅಲ್ಲಿರೋ ನಮ್ಮ ರಾಯಭಾರ ಕಚೇರಿಯೊಳಗ ಅಪ್ಪ ಹೋಗಿ ಬರಸಬೇಕು. ವರ್ಷ ದಾಟಿತಂದ್ರ ದಿಲ್ಲಿ ತನಕ ಹೋಗಿ ಪರವಾನಗಿ ತರಬೇಕು. ಅದು ಯಾವಾಗ ಬರತೈತಿ ಅಂತ ಕೇಳಬ್ಯಾಡ್ರಿ. ನಿಮ್ಮ ಕೂಸಿಗೆ ಎಷ್ಟಾತು?"

"ಯುಗಾದಿಗೆ ವರ್ಷ ತುಂಬತೈತಿ."

"ಅಂದ್ರ ಬಂತಲ್ಲರಿ. ಹೆಸರೇನು?"

"ಇಟ್ಟಿಲ್ಲ" ಎಂದೆ.

ಅವನು ಅಗಿಯುವುದು ನಿಲ್ಲಿಸಿದ. "ಎಮ್ಮಿ ಕರಕ್ಕ ವಾರದಾಗ ಹೆಸರಿಡತಾರ. ನೀವೇನ್ರಿ, ಪಂಚಾಂಗ ಅಚ್ಚಾಗಿ ಬರ್ಲಿ ಅಂತ ಕುಂತೀರೇನು?"

ಅದರ ಅವ್ವ ಇಲ್ಲ ಎಂದು ಹೇಳಿದೆ. ಅವನು ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ. ಆಮೇಲೆ ಬೇರೆ ದನಿಯಲ್ಲಿ ಹೇಳಿದ: "ತಪ್ಪು ತಿಳೀಬ್ಯಾಡ್ರಿ. ಹೆಸರು ಇಲ್ಲದ ಅಲ್ಲಿಯ ಜನನ ಪತ್ರ ಆಗಂಗಿಲ್ಲ. ಅದಿಲ್ಲದ ನಮ್ಮ ಕಚೇರಿಯೊಳಗ ಅರ್ಜಿ ತಗೊಳಂಗಿಲ್ಲ. ನಿಮ್ಮ ತಮ್ಮ ಏನೂ ಕೊಟ್ಟೇ ಇಲ್ಲ ಅಂತ ಕಾಣತೈತಿ."

"ಮತ್ತ ಈಗ ಆ ಕೂಸು ಯಾವ ದೇಶದ್ದು?"

"ಕಾಗದದ ಪ್ರಕಾರ ಈಗ ಯಾವುದರದ್ದೂ ಅಲ್ರಿ."

ಅಲ್ಲೇ ಕೂತು ತಮ್ಮನಿಗೆ ಫೋನ್ ಹಚ್ಚಿದೆ.

"ಹೆಸರು ಯಾಕ ಇಟ್ಟಿಲ್ಲೋ?"

"ಅತ್ತಿ ಬ್ಯಾಡ ಅಂದಾಳ" ಎಂದ. ಮಣ್ಣಿನ ದಿನ ಅತ್ತೆ ಅವನನ್ನು ಕರೆದು ಹೇಳಿದ್ದು ಅದೇ. ಚೊಚ್ಚಲ ಕೂಸಿನ ತೊಟ್ಟಿಲು ನನ್ನ ಮನೆಯಲ್ಲಿ, ಹೆಸರೂ ನನ್ನ ಮನೆಯಲ್ಲೇ, ಅದು ತಿಳವಳ್ಳಿಯ ತೊಟ್ಟಿಲಲ್ಲಿ ಮಲಗುವ ತನಕ ಅಲ್ಲಿ ಯಾರೂ ಬಾಯಿ ತೆಗೆಯಬಾರದು ಎಂದಿದ್ದಳು. ಅವನು ತಲೆ ಅಲ್ಲಾಡಿಸಿದ್ದ.

"ಹೆಸರಿಲ್ಲದ ಕೂಸು ಬರಂಗಿಲ್ಲ ಅಂತ ಆಕಿಗೆ ಹೇಳಬೇಕಿತ್ತಲ್ಲೋ?"

"ಹೆಂಗ ಹೇಳ್ಲಿ ಅಕ್ಕ? ಮಗಳನ್ನ ಪೆಟಗ್ಯಾಗ ತಂದುಕೊಟ್ಟೇನಿ. ಮ್ಯಾಲ ಆಕಿ ಕೇಳಿದ್ದು ಇದೊಂದು." ಅವನು ಉಸಿರು ಎಳೆದುಕೊಂಡ. "ನನಗೂ ಯಾವ ಹೆಸರೂ ಬಾಯಿಗೆ ಬರಂಗಿಲ್ಲ."

ಹನ್ನೊಂದು ತಿಂಗಳು ಹೀಗೇ ಹೋಗಿತ್ತು. ಕೂಸು ಬಂದ ಮೇಲೆ ಹೆಸರು ಎಂದು ಇಲ್ಲಿ, ಹೆಸರು ಇಟ್ಟ ಮೇಲೆ ಕೂಸು ಎಂದು ಅಲ್ಲಿ. ನಡುವೆ ನನ್ನ ತಮ್ಮ, ಯಾರಿಗೂ ಏನೂ ಹೇಳದೆ.

ಮರುದಿನವೇ ಸವಣೂರಿನಿಂದ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ತಿಳವಳ್ಳಿಗೆ ಮುಟ್ಟಿದಾಗ ಅತ್ತೆ ಪಡಸಾಲೆಯಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಅವಳ ಸೊಸೆ ಚಹಾ ಇಟ್ಟಳು. ಅಂಗಡಿಯವನು ಹೇಳಿದ್ದನ್ನೆಲ್ಲ ಹೇಳಿದೆ. ಅತ್ತೆ ಕೈ ನಿಲ್ಲಿಸಲಿಲ್ಲ.

"ಅಲ್ಲಿ ಹೆಸರಿಟ್ರ ಅದು ಅಲ್ಲಿದೇ ಆಗತೈತಿ."

"ಇಲ್ಲತ್ತಿ. ಹೆಸರಿಟ್ರನ ನಮ್ಮದು ಆಗತೈತಿ. ಇಡದಿದ್ರ ಯಾರದೂ ಆಗಂಗಿಲ್ಲ."

"ನಿಂಗ ಯಾರು ಹೇಳಿದ್ರು? ಬಸ್‌ಸ್ಟ್ಯಾಂಡಿನ ಅಂಗಡಿಯಾಂವಾ?"

"ಹೌದು."

"ಅಂವಗ ಎಷ್ಟು ಮಕ್ಕಳು ಕೇಳಿದೇನು?"

ಸೊಸೆ ಒಳಗಿನಿಂದ, "ಅವರಿಗೆ ಎಷ್ಟರ ಇರ್ಲಿ ಅತ್ತಿ, ನಮಗ ಬೇಕಾಗಿದ್ದು ಒಂದ ಅಲ್ಲೇನು" ಎಂದಳು. ಅತ್ತೆ ಅವಳತ್ತ ತೆನೆ ಎಸೆದಳು. ತಾಗಲಿಲ್ಲ.

ನಾನು ವಾದ ಬಿಟ್ಟೆ. "ಕೂಸನ್ನರ ನೋಡೂಣು" ಎಂದು ತಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅತ್ತೆ ಕೂಸನ್ನು ಫೋಟೋದಲ್ಲಿ ಬಿಟ್ಟರೆ ಒಮ್ಮೆಯೂ ನೋಡಿರಲಿಲ್ಲ. ಬಂದ ಮೇಲೆ ನೋಡ್ತೇನಿ ಎನ್ನುತ್ತಿದ್ದಳು. ಆ ದಿನ ಯಾಕೋ ಬೇಡ ಎನ್ನಲಿಲ್ಲ. ತಮ್ಮ ಮಲಯಾಳಿ ನರ್ಸಿನ ಮನೆಯಲ್ಲಿದ್ದ. ಕೂಸು ನೆಲದ ಮೇಲೆ ಕೂತು, ನಮಗೆ ಬೆನ್ನು ಮಾಡಿ, ಚಪ್ಪಲಿಯೊಂದನ್ನು ಎತ್ತಿ ಕುಕ್ಕುತ್ತಿತ್ತು. ಮುಖ ಕಾಣಲಿಲ್ಲ.

"ಈ ಕಡೆ ತಿರುಗಸು" ಎಂದೆ.

ಮಲಯಾಳಿ ಹೆಂಗಸು ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಕೂಸನ್ನು ಕರೆದಳು. ಅವಳು ಕರೆದದ್ದು ನನ್ನ ಮಾವನ ಮಗಳ ಹೆಸರು.

ಕೂಸು ತಿರುಗಿತು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಹೋದ ಮೇಲೆ ನಮ್ಮಲ್ಲಿ ಯಾರೂ ಅದನ್ನು ಬಾಯಿಂದ ಆಡಿರಲಿಲ್ಲ. ಆಕಿ, ಹೋದಾಕಿ, ಅಷ್ಟೇ ಅನ್ನುತ್ತಿದ್ದೆವು. ಅದು ಹಾಗೆ ಗಟ್ಟಿಯಾಗಿ, ಊಟಕ್ಕೆ ಕರೆದ ಹಾಗೆ ಕೇಳಿದಾಗ ಅವಳೇ ಬರುತ್ತಾಳೇನೋ ಎಂದು ನಾನು ಮೊದಲು ಪಡಸಾಲೆಯ ಬಾಗಿಲು ನೋಡಿದೆ. ಫೋನ್ ಕೈಯಿಂದ ಜಾರಿ ಕಾಳಿನ ರಾಶಿಗೆ ಬಿತ್ತು. ಸೊಸೆ ಹೆಕ್ಕಿಕೊಟ್ಟಳು.

ತಮ್ಮ ತಲೆ ತಗ್ಗಿಸಿ ನಿಂತಿದ್ದ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಕೈಗೆ ಅವ್ವನ ಹೆಸರಿನ ಪಟ್ಟಿ ಕಟ್ಟುತ್ತಾರಂತೆ, ಇಂಥವಳ ಬೇಬಿ ಎಂದು. ಜೊತೆಯ ನರ್ಸುಗಳು ಅದನ್ನೇ ಕರೆದರು. ಬೇರೆ ಹೆಸರು ಬರಲಿಲ್ಲವಾಗಿ ಬೇಬಿ ಬಿಟ್ಟುಹೋಯಿತು, ಅವಳ ಹೆಸರು ಉಳಿಯಿತು. "ನಾ ಹಂಗ ಕರಿಯಂಗಿಲ್ಲ ಅಕ್ಕ" ಎಂದ ತಮ್ಮ. "ಆದ್ರ ಅದಕ್ಕ ತಿಳಿಯೋದು ಅದೊಂದ."

ಅತ್ತೆ ತೆನೆ ಕೆಳಗಿಟ್ಟಿದ್ದಳು. ನಾನು ಅವಳ ಮುಖ ನೋಡಲಾರದೆ ಕಾಳು ನೋಡುತ್ತಿದ್ದೆ. ಹೆರಿಗೆಯಲ್ಲಿ ಹೋದವಳ ಹೆಸರನ್ನು ಯಾರೂ ಕೂಸಿಗೆ ಇಡುವುದಿಲ್ಲ. ಅಜ್ಜಿಯ ಹೆಸರು ಇಡುತ್ತಾರೆ, ತುಂಬಿ ಬಾಳಿ ಹೋದವರ ಹೆಸರು. ಈಗ ಅತ್ತೆ ಎದ್ದು ಒಳಗೆ ಹೋಗುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ.

"ಇನ್ನೊಮ್ಮೆ ಕರಿ ಅಂತ ಹೇಳಾಕಿಗೆ" ಎಂದಳು ಅತ್ತೆ.

ಮಲಯಾಳಿ ಹೆಂಗಸು ಇನ್ನೊಮ್ಮೆ ಕರೆದಳು. ಕೂಸು ಚಪ್ಪಲಿ ಬಿಟ್ಟು ಅವಳತ್ತ ಅಂಬೆಗಾಲಿಟ್ಟಿತು. ಮುಂದಿನ ಹಲ್ಲು ಎರಡು ಬಂದಿದ್ದವು.

ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ, "ನೀ ಸೋದರತ್ತಿ. ಇಡು" ಎಂದಳು.

"ಯಾವುದು?"

"ಅದಕ್ಕ ತಿಳಿಯೋದು."

ನಮ್ಮಲ್ಲಿ ಹೆಸರಿಡುವಾಗ ಕೂಸಿನ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರುತ್ತಾಳೆ. ಉಸುರಿದ ಕೂಡಲೇ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಗೆಯ ಗುದ್ದು. ನನ್ನ ಮದುವೆಯ ಹಿಂದುಮುಂದೆ ಎಷ್ಟೋ ಜನ ಸೋದರತ್ತೆಯರಿಗೆ ನಾನೂ ಅವಳೂ ಸೇರಿ ಗುದ್ದಿದ್ದೇವೆ.

ಆ ದಿನ ತೊಟ್ಟಿಲು ಕಟ್ಟಲಿಲ್ಲ. ತಮ್ಮ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಫೋನನ್ನು ಅದರ ಕಿವಿಗೆ ಹಿಡಿದ. ನಾನು ಇಲ್ಲಿ ಬಗ್ಗಿದೆ. ಕುರ್ರ್ ಎಂದೆ. ಹನ್ನೊಂದು ತಿಂಗಳು ಆಡದ ಹೆಸರು. ಕಣ್ಣು ಮುಚ್ಚಿ ಅಂದುಬಿಟ್ಟೆ.

ಯಾರೂ ಗುದ್ದಲಿಲ್ಲ. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ನಾನು ತಲೆ ಎತ್ತಬೇಕು, ಅಷ್ಟರಲ್ಲಿ ಬೆನ್ನಿಗೆ ಗುದ್ದು ಬಿತ್ತು. ಅದು ನಗೆಯದ್ದಲ್ಲ. ಉಸಿರು ಹಿಡಿಯಿತು. ಅತ್ತೆ ಮತ್ತೆ ಗುದ್ದಿದಳು, ಮತ್ತೆ ಮತ್ತೆ ಗುದ್ದಿದಳು. ಸೊಸೆ ಕೈ ಹಿಡಿಯಲು ಬಂದಾಗ ನಾನೇ ಬೇಡ ಎಂದೆ. ಆ ಮನೆಯಲ್ಲಿ ಅತ್ತೆ ಮಗಳಿಗಾಗಿ ಮೊದಲ ಸಲ ಅತ್ತಿದ್ದು ಆಗ, ನನ್ನ ಬೆನ್ನಿನ ಮೇಲೆ ಹಣೆ ಇಟ್ಟು. ಫೋನಿನಲ್ಲಿ ಕೂಸು ಏನೋ ಒದರುತ್ತಿತ್ತು.

ತಮ್ಮ ಆ ವಾರವೇ ಜನನ ಪತ್ರ ಮಾಡಿಸಿ, ರಾಯಭಾರ ಕಚೇರಿಗೆ ಹೋಗಿ ಅರ್ಜಿ ಕೊಟ್ಟ. ಕಿಟಕಿಯ ಹತ್ತಿರದಿಂದಲೇ ನನಗೆ ಫೋನ್ ಮಾಡಿದ. ವರ್ಷ ತುಂಬಲು ಇನ್ನು ಕೆಲವೇ ದಿನ ಉಳಿದಿದ್ದವು.

"ಅಕ್ಕ, ವಾಪಸ್ ಕೊಡಾಕತ್ತಾರ. ಕೂಸಿನ ಹೆಸರಿನ ಜಾಗಾದಾಗ ತಪ್ಪಿ ಅವ್ವನ ಹೆಸರು ಬರದೀರಿ ಅನ್ನಾಕತ್ತಾರ. ತಪ್ಪಲ್ಲ ಅಂದೆ. ಹಂಗಾದ್ರ ಬರದುಕೊಡ್ರಿ ಅಂದ್ರು. ಏನ ಬರೀಲಿ?"

ಹಿಂದೆ ಯಾರೋ ಬೇಗ ಮಾಡಿ ಎಂದು ಹೇಳುವುದು ಕೇಳಿಸಿತು. ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಚೆಂದ ಬರೆಯಲು ನನಗೆ ಬರುವುದಿಲ್ಲ. ಬಂದದ್ದನ್ನು ಒಂದೊಂದೇ ಮಾತಾಗಿ ಹೇಳಿದೆ, ಅವನು ಬರೆದುಕೊಂಡ.

ಎರಡೂ ಹೆಸರು ಸರಿ ಇವೆ. ಮೊದಲನೆಯವಳು ಕೂಸು, ಬದುಕಿದ್ದಾಳೆ. ಎರಡನೆಯವಳು ಅದರ ತಾಯಿ.

ಅಲ್ಲಿ ನಿಂತೆ. "ಮುಂದ?" ಎಂದ ತಮ್ಮ. ಆ ಮಾತನ್ನು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ಅಂದಿರಲಿಲ್ಲ ಎಂದು ಆಗ ತಿಳಿಯಿತು.

ಸತ್ತಿದ್ದಾಳೆ, ಎಂದೆ.

ಅವನು ಬರೆದ. ಪೆನ್ನು ಕಾಗದಕ್ಕೆ ತಾಗುವ ಸಪ್ಪಳ ಕೇಳಿಸಿತು. ಆಮೇಲೆ ಫೋನ್ ಹಿಡಿದುಕೊಂಡೇ ಕಿಟಕಿಗೆ ಹೋದ. ಅರ್ಜಿ ತೆಗೆದುಕೊಂಡರು.